ಕರ್ಫ್ಯೂ ಮತ್ತು ಗೋಡೆಯಾಚೆಯ ಒಲೆ

ನನಗೆ ಹೊಗೆ ಆಗಿಬರುವುದಿಲ್ಲ. ಮನೆ ನೋಡಲು ಹೋದ ದಿನವೇ ಮನೆಯೊಡತಿಗೆ ಇದನ್ನು ಹೇಳಿದ್ದೆ. ಆಕೆ ತಲೆಯಾಡಿಸಿದರು. ಒಪ್ಪಿದರು ಎಂದುಕೊಂಡೆ. ಕೇಳಿಸಿತು ಎನ್ನುವುದಕ್ಕಷ್ಟೇ ತಲೆಯಾಡಿಸಿದ್ದರು ಎಂದು ಸಾಮಾನು ಇಳಿಸಿದ ಮಾರನೆಯ ಬೆಳಗ್ಗೆ ಕೆಮ್ಮುತ್ತ ಎದ್ದು ಕೂತಾಗ ಗೊತ್ತಾಯಿತು.

ದೊಡ್ಡಬಳ್ಳಾಪುರದಿಂದ ಘಾಟಿಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಊರು ಅದು. ಹಳೆಯ ಹೆಂಚಿನ ಮನೆ. ಮುಂದಿನ ಅರ್ಧ ನನಗೆ ಬಾಡಿಗೆಗೆ, ಹಿಂದಿನ ಅರ್ಧದಲ್ಲಿ ಆಕೆ. ನಡುವೆ ಎತ್ತಿದ ಗೋಡೆ ಸೂರಿನ ತನಕ ಹೋಗಿರಲಿಲ್ಲ, ಆಳೆತ್ತರಕ್ಕೆ ಬಂದು ನಿಂತುಬಿಟ್ಟಿತ್ತು. ಅದರ ಮೇಲಿಂದ ಆಕೆಯ ಸೌದೆ ಒಲೆಯ ಹೊಗೆ ನನ್ನ ಕಡೆಗೆ ಧಾರಾಳವಾಗಿ ಬರುತ್ತಿತ್ತು. ಜೊತೆಗೆ ಹುರುಳಿ ಬೇಯುವ ವಾಸನೆ, ಹಸುವಿಗೆ ಆಕೆ ಬೈಯುವ ಬೈಗುಳ, ಫೋನಿನಲ್ಲಿ ತಂಗಿಯ ಜೊತೆ ಆಡುವ ಮಾತು ಎಲ್ಲವೂ ಬರುತ್ತಿದ್ದವು. ತಂಗಿ ನಂದಗುಡಿಯಲ್ಲಿದ್ದರು. ದಿನಾ ಸಂಜೆ ಅಕ್ಕತಂಗಿಯರು ಆವತ್ತು ಏನು ಅಡುಗೆ ಮಾಡಿದೆವೆಂದು ಒಬ್ಬರಿಗೊಬ್ಬರು ಒಪ್ಪಿಸುತ್ತಿದ್ದರು. ಅದನ್ನು ಕೇಳಿಸಿಕೊಳ್ಳಬಾರದು ಎಂದು ನಾನು ರೇಡಿಯೋ ಹಾಕಿಕೊಳ್ಳುತ್ತಿದ್ದೆ.

ನಾನು ಇಂಗ್ಲಿಷ್ ಟೀಚರಾಗಿದ್ದು ನಿವೃತ್ತಳಾದವಳು. ಕೊನೆಯ ಕೆಲವು ವರ್ಷ ಈ ಕಡೆಯ ಹೈಸ್ಕೂಲಿನಲ್ಲಿದ್ದೆ, ಬೆಂಗಳೂರಿನಿಂದ ಬೆಳಗಿನ ರೈಲಿನಲ್ಲಿ ಬಂದು ಸಂಜೆ ಹಿಂದಿರುಗುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಬೆಂಗಳೂರಿನ ಫ್ಲ್ಯಾಟಿನಲ್ಲಿ ಇರಲಾಗಲಿಲ್ಲ. ರೈಲಿನ ಕಿಟಕಿಯಿಂದ ಕಾಣುತ್ತಿದ್ದ ಮಾಕಳಿದುರ್ಗದ ಬೆಟ್ಟದ ಆಸುಪಾಸಿನಲ್ಲೇ ಎಲ್ಲಾದರೂ ಇದ್ದುಬಿಡೋಣ ಎನ್ನಿಸಿತು. ನೆಂಟರು ನನಗೆ ತಲೆ ಕೆಟ್ಟಿದೆ ಎಂದರು. ಕೆಟ್ಟಿದ್ದರೂ ಕೆಟ್ಟಿದ್ದೀತು. ನಮಗೆ ಮಕ್ಕಳಿರಲಿಲ್ಲವಾದ್ದರಿಂದ ತಡೆಯುವವರೂ ಇರಲಿಲ್ಲ.

ಮನೆ ಹಿಡಿಯುವಾಗ ನನ್ನದು ಎರಡೇ ಷರತ್ತು. ನನಗೆ ಬೇರೆ ಬಾಗಿಲು ಬೇಕು, ಯಾರೂ ಬಂದು ಅದೂ ಇದೂ ವಿಚಾರಿಸಬಾರದು. ಬಾಗಿಲು ಸಿಕ್ಕಿತು. ಎರಡನೆಯದು ಈ ಸೀಮೆಯಲ್ಲಿ ಯಾರಿಂದಲೂ ಆಗುವಂಥದ್ದಲ್ಲ. ದೀಪ ಹಚ್ಚುವ ಹೊತ್ತಾದ ಮೇಲೆ ಗೋಡೆಯಾಚೆಯಿಂದ ಒಂದು ಕೂಗು ತಪ್ಪದೆ ಬರುತ್ತಿತ್ತು.

"ಟೀಚರಮ್ಮ, ಊಟ ಆಯ್ತಾ?"

"ಆಯ್ತು" ಎಂದು ನಾನು ಗೋಡೆಗೆ ಹೇಳುತ್ತಿದ್ದೆ.

ಎಷ್ಟೋ ದಿನ ಆಗಿರುತ್ತಿರಲಿಲ್ಲ. ಒಬ್ಬಳಿಗಾಗಿ ಅನ್ನ ಮಾಡಿ, ಸಾರು ಕುದಿಸಿ, ಒಬ್ಬಳೇ ತಟ್ಟೆ ಇಟ್ಟುಕೊಂಡು ಕೂರುವ ಕೆಲಸದಲ್ಲಿ ನನಗೆ ಯಾವ ಅರ್ಥವೂ ಕಾಣುತ್ತಿರಲಿಲ್ಲ. ಅವಲಕ್ಕಿಗೆ ಮೊಸರು ಸುರಿದುಕೊಂಡರೆ ಮುಗಿಯಿತು. ಕೆಲವು ದಿನ ಅದೂ ಇಲ್ಲ, ಬಿಸ್ಕತ್ತು. ಆದರೆ ಇಲ್ಲ ಎಂದರೆ ಯಾಕೆ ಎನ್ನುವ ಪ್ರಶ್ನೆ ಬರುತ್ತದೆ, ಯಾಕೆ ಎಂದರೆ ಬನ್ನಿ ಎನ್ನುವ ಮಾತು ಬರುತ್ತದೆ. ಆಯ್ತು ಎಂದರೆ ಯಾವ ತಾಪತ್ರಯವೂ ಇಲ್ಲ.

ಹೊಗೆಯ ವಿಷಯವನ್ನು ಮಾತ್ರ ನಾನು ಸುಮ್ಮನೆ ಬಿಡಲಿಲ್ಲ. ಒಂದು ದಿನ ಹಿಂದಿನ ಬಾಗಿಲಿಗೆ ಹೋಗಿ, ಮನೆಯಲ್ಲಿ ಗ್ಯಾಸ್ ಇದ್ದರೂ ಇದೇನು ನಿಮ್ಮ ಹಟ ಎಂದು ಕೇಳಿಯೇಬಿಟ್ಟೆ.

"ಗ್ಯಾಸು ಐತೆ, ಇಲ್ಲ ಅಂತೀನಾ?" ಎಂದರು ಆಕೆ. "ಯಾರಾನಾ ಬಂದ್ರೆ ಕಾಪಿ ಕಾಯ್ಸೋಕೆ ಮಡಗಿದೀನಿ. ಇದು ಹಂಗಲ್ಲ ಟೀಚರಮ್ಮ. ಇದು ನಮ್ಮವ್ವನ ಕಾಲದ ಬೆಂಕಿ. ಆರ್ಸೋಕಾಗಲ್ಲ."

ಆ ಮನೆ ಆಕೆಯ ತವರು. ಗಂಡುಮಕ್ಕಳಿಲ್ಲದ ಮನೆಯಾದ್ದರಿಂದ ದೊಡ್ಡ ಮಗಳಾದ ಈಕೆಯನ್ನು ಉಳಿಸಿಕೊಂಡು ಅಳಿಯನನ್ನು ಮನೆಗೆ ತಂದುಕೊಂಡಿದ್ದರಂತೆ. ಚಿಕ್ಕವಳನ್ನು ನಂದಗುಡಿಗೆ ಕೊಟ್ಟರು. ಅಪ್ಪ ಅಮ್ಮ ಹೋದರು, ಅಳಿಯನೂ ಹೋದ. ಆಕೆಯ ಒಬ್ಬಳೇ ಮಗಳು ಹಿಂದೂಪುರದ ಕಡೆ ಸಂಸಾರ ಮಾಡಿಕೊಂಡಿದ್ದಾಳೆ. ಉಳಿದದ್ದು ಆಕೆ, ಒಂದು ಹಸು, ಈ ಒಲೆ.

"ಹಂಗಾದ್ರೆ ನಿಮ್ಮ ಅವ್ವ ಹೋದಾಗಲೂ ಬೆಂಕಿ ಆರಿಸಲಿಲ್ಲವಾ?" ಎಂದೆ, ತಪ್ಪು ಹಿಡಿಯುವ ಚಟದಿಂದ. ಸಾವಾದ ಮನೆಯಲ್ಲಿ ಒಲೆ ಉರಿಯಬಾರದು ಎನ್ನುವುದು ನನಗೂ ಗೊತ್ತಿರುವ ವಿಷಯ.

"ಆರ್ಸಿದ್ವಿ. ಮೂರರ ದಿನ ಪಕ್ಕದ್ಮನೆಯಿಂದ ಕೆಂಡ ತಂದು ಹಚ್ಚಿದ್ವಿ. ಆ ಮನೇರು ನಮ್ಮನೆ ಬೆಂಕಿನೇ ಒಯ್ದು ಉರಿಸ್ತಿದ್ದೋರು. ಅದೇ ಬೆಂಕಿ ತಿರಿಗಿ ಬಂತು. ಯಜಮಾನ್ರು ಹೋದಾಗ್ಲೂ ಹಂಗೇ."

ಈಗ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಗ್ಯಾಸೇ. ಕೆಂಡ ಕೇಳಿಕೊಂಡು ಯಾರೂ ಬರುವುದಿಲ್ಲ. ಆಕೆ ಮಾತ್ರ ದಿನಾ ಸಂಜೆ ಅಡುಗೆ ಮುಗಿದ ಮೇಲೆ ನೀಲಗಿರಿ ಸೌದೆಯನ್ನು ಹಿಂದಕ್ಕೆ ಎಳೆದು, ಕೆಂಡಗಳನ್ನು ಒಲೆಯ ಒಂದು ಮೂಲೆಗೆ ಕೂಡಿಸಿ, ಅದರ ಮೇಲೆ ಬೆರಣಿಯ ಚೂರಿಟ್ಟು, ಬೂದಿ ಎಳೆದು, ಕೊನೆಗೆ ಒಡೆದ ಮಡಕೆಯ ತಳವನ್ನು ಕವುಚಿ ಹಾಕುತ್ತಿದ್ದರು. ಬೆಳಗ್ಗೆ ಅದನ್ನೆಲ್ಲ ತೆಗೆದು ಊದುಗೊಳವೆಯಲ್ಲಿ ಊದಿದರೆ ಬೆಂಕಿ ಏಳುತ್ತಿತ್ತು. ಬೆಂಕಿಪೊಟ್ಟಣದ ಸಹಾಯವನ್ನು ಆಕೆ ಯಾವತ್ತೂ ತೆಗೆದುಕೊಂಡಿಲ್ಲ ಎನ್ನುವುದನ್ನು ನಾನು ಪೂರ್ತಿ ನಂಬಿಲ್ಲ. ಮಳೆಗಾಲದ ಕೆಲವು ಬೆಳಗ್ಗೆ ಗೋಡೆಯಾಚೆ ಕಡ್ಡಿ ಗೀರಿದ ಸದ್ದು ನನಗೆ ಕೇಳಿಸಿತ್ತು. ಬಾಯಿ ಬಿಡಲಿಲ್ಲ.

ಹೀಗಿರುವಾಗ ಜಗತ್ತಿಗೆಲ್ಲ ಹಬ್ಬಿದ ಆ ಸಾಂಕ್ರಾಮಿಕ ಕಾಯಿಲೆಯ ಎರಡನೆಯ ವರ್ಷದ ಬೇಸಿಗೆ ಬಂತು. ಬೆಳಗ್ಗೆ ಸ್ವಲ್ಪ ಹೊತ್ತು ಅಂಗಡಿ ತೆರೆದು ಆಮೇಲೆ ಎಲ್ಲ ಬಂದ್. ಬಸ್ಸಿಲ್ಲ. ದೊಡ್ಡಬಳ್ಳಾಪುರದ ಮಗ್ಗಗಳು ನಿಂತವು, ಘಾಟಿಯ ದೇವಸ್ಥಾನಕ್ಕೆ ಬೀಗ ಬಿತ್ತು, ಭಾನುವಾರ ಬೆಟ್ಟ ಹತ್ತಲು ಬಂದು ಕೇಕೆ ಹಾಕುತ್ತಿದ್ದ ಬೆಂಗಳೂರಿನ ಹುಡುಗರೂ ಇಲ್ಲವಾದರು. ಆ ಕೇಕೆಯನ್ನು ಬೈದುಕೊಳ್ಳುತ್ತಿದ್ದವಳು ಈಗ ಭಾನುವಾರ ಯಾವುದು ಎಂದು ತಿಳಿಯದೆ ಒದ್ದಾಡಿದೆ. ಸಂಜೆಯಾದರೆ ಧ್ವನಿವರ್ಧಕ ಕಟ್ಟಿಕೊಂಡ ಒಂದು ಆಟೋ ಬರುತ್ತಿತ್ತು. ಕರ್ಫ್ಯೂ ಇದೆ, ಯಾರೂ ಹೊರಗೆ ಬರಬಾರದು ಎಂದು ಕೂಗಿಕೊಂಡು ಖಾಲಿ ಬೀದಿಯಲ್ಲಿ ಸುತ್ತಿ ಹೋಗುತ್ತಿತ್ತು. ಇಡೀ ದಿನದಲ್ಲಿ ನನ್ನ ಬಾಗಿಲ ಮುಂದೆ ಹಾದುಹೋಗುವ ಮನುಷ್ಯಧ್ವನಿ ಅದೊಂದೇ. ನಾನು ಅದಕ್ಕಾಗಿ ಕಾಯುತ್ತಿದ್ದೆ ಎಂದು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಅಂಥ ಒಂದು ಸಂಜೆ ಕರ್ಫ್ಯೂ ಎನ್ನುವ ಮಾತಿನ ಮೂಲ ಯಾವುದಿರಬಹುದು ಎನ್ನಿಸಿತು. ನಮ್ಮ ಮನೆಯಲ್ಲೊಂದು ದಪ್ಪನೆಯ ಇಂಗ್ಲಿಷ್ ನಿಘಂಟಿತ್ತು. ನನ್ನ ಗಂಡ ಬೆಂಗಳೂರಿನ ಫುಟ್‌ಪಾತಿನಲ್ಲಿ ಕೊಂಡು ತಾವೇ ರಟ್ಟು ಹಾಕಿದ್ದು. ಅವರು ಗುಮಾಸ್ತರು, ಇಂಗ್ಲಿಷ್ ಟೀಚರು ನಾನು, ಆದರೂ ಊಟವಾದ ಮೇಲೆ ನಿಘಂಟು ತೆರೆದು ಒಂದು ಪದ ಓದಿ ಹೇಳುತ್ತಿದ್ದವರು ಅವರು. ನಾನು ಪಾತ್ರೆ ತೊಳೆಯುತ್ತ ಹೂಂಗುಟ್ಟುತ್ತಿದ್ದೆ. ಅವರು ಹೋದ ಮೇಲೆ ಅದನ್ನು ತೆರೆದಿರಲಿಲ್ಲ. ಆವತ್ತು ತೆರೆದೆ.

ಕರ್ಫ್ಯೂ ಮೂಲತಃ ಇಂಗ್ಲಿಷಿನದಲ್ಲ, ಹಳೆಯ ಫ್ರೆಂಚಿನಿಂದ ಬಂದದ್ದು. ಎರಡು ಪದ ಅಂಟಿಕೊಂಡು ಒಂದಾಗಿದೆ. ಬಿಡಿಸಿ ಕನ್ನಡದಲ್ಲಿ ಹೇಳುವುದಾದರೆ, ಬೆಂಕಿ ಮುಚ್ಚು. ಅಷ್ಟೇ. ಪೊಲೀಸು, ಲಾಠಿ, ಬೀದಿ, ಯಾವುದರ ಸುಳಿವೂ ಅದರಲ್ಲಿಲ್ಲ.

ಆ ದೇಶಗಳಲ್ಲಿ ಮರದ ಗೋಡೆ, ಹುಲ್ಲಿನ ಸೂರಿನ ಊರುಗಳ ಕಾಲ ಅದು. ನಡುಮನೆಯಲ್ಲೇ ಒಲೆ. ಮಲಗಿದ ಮೇಲೆ ಒಂದು ಕಿಡಿ ಹಾರಿದರೆ ಬೆಳಗಾಗುವಷ್ಟರಲ್ಲಿ ಊರಿಲ್ಲ. ಹಾಗಾಗಿ ಸಂಜೆ ಗಂಟೆ ಬಾರಿಸುತ್ತಿದ್ದರು. ಗಂಟೆ ಕೇಳಿದ ಕೂಡಲೇ ಮನೆಮನೆಯಲ್ಲೂ ಕೆಂಡಕ್ಕೆ ಬೂದಿ ಎಳೆದು ಮುಚ್ಚಬೇಕು. ಮುಚ್ಚಲಿಕ್ಕೆಂದೇ ಹಿಡಿಕೆ ಇರುವ ಲೋಹದ ಮುಚ್ಚಳವೊಂದಿತ್ತು, ಅದರ ಹೆಸರೂ ಕರ್ಫ್ಯೂ. ಬರಬರುತ್ತ ಬಾರಿಸುವ ಗಂಟೆಗೆ ಆ ಹೆಸರಾಯಿತು, ಗಂಟೆ ಬಾರಿಸುವ ಹೊತ್ತಿಗೂ ಅದೇ ಹೆಸರಾಯಿತು. ಹೊರಗಿನಿಂದ ಬಂದು ಇಂಗ್ಲಿಷರ ನಾಡನ್ನು ಗೆದ್ದ ರಾಜನೊಬ್ಬ, ಕತ್ತಲಾದ ಮೇಲೆ ಜನ ಬೆಂಕಿಯ ಸುತ್ತ ಕೂತು ತನ್ನ ವಿರುದ್ಧ ಪಿಸುಗುಟ್ಟದಿರಲಿ ಎಂದೇ ಈ ಕಟ್ಟಳೆ ತಂದ ಎನ್ನುವ ಕತೆಯೂ ಇದೆ. ಅದು ನಿಜವಲ್ಲ, ಗಂಟೆ ಅವನಿಗಿಂತ ಹಳೆಯದು ಎನ್ನುವವರೂ ಇದ್ದಾರೆ. ಕೆಲವು ಊರುಗಳಲ್ಲಂತೂ ಮನೆಗಳೆಲ್ಲ ಇಟ್ಟಿಗೆಯವಾಗಿ, ಒಲೆಗಳೆಲ್ಲ ಬದಲಾಗಿ, ಯಾರಿಗೂ ಬೇಡವಾದ ಮೇಲೂ ಬಹುಕಾಲ ಸಂಜೆಯ ಗಂಟೆ ಬಾರಿಸುತ್ತಲೇ ಇದ್ದರಂತೆ. ಈ ಸಂಗತಿ ನನಗೆ ಬಹಳ ಹಿಡಿಸಿತು.

ಆ ಮಾತು ಬೆಂಕಿಯನ್ನು ಬಿಟ್ಟು ಮನುಷ್ಯರನ್ನು ಮುಚ್ಚಲು ಶುರುಮಾಡಿದ್ದು ಬಹಳ ತಡವಾಗಿ. ನನಗೆ ಪರಿಚಯವಾದದ್ದು ಈ ಕೊನೆಯ ಅರ್ಥವೇ. ಹುಡುಗಿಯಾಗಿದ್ದಾಗ ಬೆಂಗಳೂರಿನಲ್ಲಿ ಗಲಾಟೆಯಾದರೆ ಕರ್ಫ್ಯೂ ಹಾಕುತ್ತಿದ್ದರು, ಹಾಲಿನವನು ಬರುತ್ತಿರಲಿಲ್ಲ. ಮಾರನೆಯ ದಿನದ ಪತ್ರಿಕೆಯಲ್ಲಿ ಪರಿಸ್ಥಿತಿ ಬೂದಿ ಮುಚ್ಚಿದ ಕೆಂಡದಂತಿದೆ ಎಂದು ತಪ್ಪದೆ ಬರೆದಿರುತ್ತಿದ್ದರು. ಕರ್ಫ್ಯೂ ಎಂದರೆ ಅದೇ ಎಂದು ಆ ವರದಿಗಾರರಿಗೂ ಗೊತ್ತಿರಲಿಲ್ಲ, ಓದುತ್ತಿದ್ದ ನನಗೂ ಗೊತ್ತಿರಲಿಲ್ಲ. ಶಾಲೆಯಲ್ಲಿ ಮಕ್ಕಳು ಅರ್ಥ ಕೇಳಿದಾಗ ಪೊಲೀಸರ ಆಜ್ಞೆ ಎಂದು ಹೇಳಿ ಮುಂದಿನ ಸಾಲಿಗೆ ಹೋಗಿದ್ದೆ.

ನಿಘಂಟು ಮಡಿಚಿ ಯಾರಿಗಾದರೂ ಹೇಳಬೇಕೆಂದು ತಲೆಯೆತ್ತಿದೆ. ಯಾರೂ ಇರಲಿಲ್ಲ. ಓದಿ ಹೇಳುತ್ತಿದ್ದವರಿಗೆ ಪಾತ್ರೆ ತೊಳೆಯುತ್ತ ಹೂಂಗುಟ್ಟುವ ನಾನಾದರೂ ಇದ್ದೆ. ಆ ಹೊತ್ತಿನ ದುಃಖ ಸಣ್ಣದಲ್ಲ.

ಮಾರನೆಯ ಸಂಜೆ ನಾನಾಗಿಯೇ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಆಕೆ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದರು.

"ಅಮ್ಮಾ, ಕರ್ಫ್ಯೂ ಅಂದ್ರೆ ಏನು ಗೊತ್ತಾ?"

"ಪೊಲೀಸ್ನೋರು ಹೊಡ್ಯೋದು."

"ಅಲ್ಲ, ಬೆಂಕಿ ಮುಚ್ಚೋದು" ಎಂದು ನನ್ನ ಪಾಠ ಶುರುಮಾಡಿದೆ. ಗಂಟೆ, ಬೂದಿ, ಹಿಡಿಕೆಯ ಮುಚ್ಚಳ, ರಾಜ ಎಲ್ಲವನ್ನೂ ಹೇಳಿದೆ. ಆಕೆ ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತ ಪೂರ್ತಿ ಕೇಳಿದರು.

"ಹಂಗಾರೆ ಆ ಆಟೋದೋನು ದಿನಾ ಬಂದು ಬಡ್ಕೊಳ್ಳೋದು ಒಲೆ ಮುಚ್ಚು ಅಂತನಾ? ನಂಗೆ ಅವ್ನು ಹೇಳ್ಕೊಡ್ಬೇಕಾ?" ಎಂದು ನಕ್ಕರು. ಆಮೇಲೆ ಸ್ವಲ್ಪ ಯೋಚಿಸಿ ಕೇಳಿದರು. "ಸಂಜೆ ಮುಚ್ಚೋದಕ್ಕೆ ಅದನ್ನಂತಾರೆ, ಸರಿ. ಬೆಳಿಗ್ಗೆ ತೆಗ್ಯೋದಕ್ಕೆ ಏನಂತಾರೆ?"

ಅದು ನನಗೆ ಹೊಳೆದಿರಲಿಲ್ಲ. ನೋಡಿ ಹೇಳುತ್ತೇನೆ ಎಂದು ಬಂದು ನಿಘಂಟಿನಲ್ಲಿ ಹುಡುಕಿದೆ. ಹಿಂದುಮುಂದಿನ ಪುಟಗಳನ್ನೂ ನೋಡಿದೆ. ಮುಚ್ಚುವುದಕ್ಕೆ ಅಷ್ಟೊಂದು ಅರ್ಥ ಬರೆದಿದ್ದವರು ತೆಗೆಯುವುದಕ್ಕೆ ಒಂದು ಪದವನ್ನೂ ಇಟ್ಟಿರಲಿಲ್ಲ. ಇಲ್ಲವಂತೆ ಎಂದು ಗೋಡೆಯ ಮೇಲಿಂದ ಕೂಗಿ ಹೇಳಿದೆ. ಹೋಗ್ಲಿ ಬಿಡಿ, ಊಟ ಆಯ್ತಾ ಎಂದರು. ಆಯ್ತು ಎಂದೆ.

ಇದಾದ ಸ್ವಲ್ಪ ದಿನಕ್ಕೆ ಒಂದು ಮಧ್ಯಾಹ್ನ ಗೋಡೆಯಾಚೆ ಫೋನು ಬಡಿದುಕೊಂಡಿತು. ತಂಗಿಯದಾಗಿದ್ದರೆ ಸಂಜೆ ಬರಬೇಕಿತ್ತು. ಆಕೆ "ಯಾವಾಗ?" ಎಂದರು. ಆಮೇಲೆ ಬಹಳ ಹೊತ್ತು ಬರಿಯ "ಹೂಂ" ಮಾತ್ರ ಕೇಳಿಸಿತು. ಕೊನೆಗೆ ಒಂದೇ ಒಂದು ಮಾತು ಸ್ವಲ್ಪ ಜೋರಾಗಿ ಬಂತು.

"ತವರಿನ ಸೀರೆ ಇಲ್ದೆ ಹೆಂಗಪ್ಪಾ ಕಳಿಸ್ತೀರಾ ಅವ್ಳನ್ನ?"

ರೇಡಿಯೋ ಆರಿಸಿ ಹಿಂದಕ್ಕೆ ಓಡಿದೆ. ತಂಗಿ ಬೆಳಗ್ಗೆ ಎದೆನೋವೆಂದು ಒರಗಿದವರು ಏಳಲಿಲ್ಲವಂತೆ. ಸಂಜೆಯ ಒಳಗೆ ಮಣ್ಣು ಮಾಡುತ್ತಾರೆ. ಹೆಣ್ಣುಮಗಳ ಕೊನೆಯ ಸೀರೆ ತವರಿನಿಂದ ಹೋಗಬೇಕು. ಅದನ್ನು ಉಡಿಸಿಯೇ ಕಳಿಸುವುದು ಈ ಕಡೆಯ ಪದ್ಧತಿ. ಆ ತವರು ಎಂದರೆ ಈಕೆಯೊಬ್ಬರೇ. ಪೆಟ್ಟಿಗೆಯಿಂದ ಹಸಿರು ಸೀರೆಯೊಂದನ್ನು ಆಗಲೇ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದರು.

ನನಗೆ ಗೊತ್ತಿದ್ದ ಕಾರು, ಆಟೋದವರಿಗೆಲ್ಲ ಫೋನು ಮಾಡಿದೆ. ಒಬ್ಬ, ಪೊಲೀಸರು ದೇವನಹಳ್ಳಿ ದಾಟಲು ಬಿಡುವುದಿಲ್ಲ ಎಂದ. ಇನ್ನೊಬ್ಬ ಮನೆಯಲ್ಲಿ ಜ್ವರ ಎಂದ. ಹಳೆಯ ವಿದ್ಯಾರ್ಥಿಯೊಬ್ಬ ಪಾಸು ಮಾಡಿಸಿಕೊಂಡು ಬನ್ನಿ ಮಿಸ್, ನಾಳೆ ಹೋಗೋಣ ಎಂದ. ನಾಳೆ ಹೋಗಿ ಮಾಡುವುದೇನಿತ್ತು? ಫೋನು ಕೆಳಗಿಟ್ಟು ಆಕೆಯ ಮುಖ ನೋಡಿದೆ. ಆಕೆ ಸೀರೆಯನ್ನು ಮೊದಲಿನ ಮಡಿಕೆಯಲ್ಲೇ ಮಡಿಚಿ ಪೆಟ್ಟಿಗೆಗೆ ಹಾಕಿ ಎದ್ದರು.

ಸೀದಾ ಒಲೆಯ ಹತ್ತಿರ ಹೋದರು. ಉರಿಯುತ್ತಿದ್ದ ಸೌದೆಗಳನ್ನು ಹೊರಗೆಳೆದು ದೂರ ದೂರ ಇಟ್ಟರು. ಒಳಗಿನ ಕೆಂಡಗಳನ್ನು ಕಡ್ಡಿಯಿಂದ ಒಂದೊಂದಾಗಿ ಬೇರೆ ಮಾಡಿ ಹರಡಿದರು.

"ಅಮ್ಮಾ, ಸಾವಾಗಿರೋದು ಅಲ್ಲಿ" ಎಂದೆ. "ಈ ಮನೆ ಒಲೆ ಯಾಕೆ?"

"ಅವ್ಳು ಹುಟ್ಟಿದ್ದು ಇಲ್ಲಿ. ಸೀರೆನಂತೂ ಕಳಿಸ್ಲಿಲ್ಲ. ಇದಾದ್ರೂ ಮಾಡ್ಬೇಡ್ವಾ?"

"ನೀರು ಹಾಕ್ಲಾ?"

"ನೀರು ಹಾಕ್ಬಾರ್ದು. ಬ್ಯಾರೆ ಬ್ಯಾರೆ ಮಾಡಿದ್ರೆ ಅದೇ ಹೋಗ್ತದೆ."

ಇಬ್ಬರೂ ನಿಂತು ನೋಡಿದೆವು. ಕೆಂಡಗಳು ಒಂದೊಂದಾಗಿ ಬೂದು ಬಣ್ಣಕ್ಕೆ ತಿರುಗಿದವು. ಆಕೆ ಅಳಲಿಲ್ಲ. ನನಗೆ ಅಳು ಬಂತು, ಆದರೆ ಅದು ಯಾರಿಗಾಗಿ ಎಂದು ಕೇಳಿದರೆ ಹೇಳುವುದು ಕಷ್ಟ. ಆ ತಂಗಿಯನ್ನು ನಾನು ಕಂಡೇ ಇರಲಿಲ್ಲ.

ಮಾರನೆಯ ಬೆಳಗ್ಗೆ ಎದ್ದಾಗ ಏನೋ ಕೊರತೆ ಎನ್ನಿಸಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಹೊಗೆ ಇರಲಿಲ್ಲ. ನನ್ನ ಕೋಣೆಯ ಗಾಳಿ ತಿಳಿಯಾಗಿತ್ತು, ಕೆಮ್ಮಿಲ್ಲದೆ ಎದ್ದಿದ್ದೆ. ಇಷ್ಟು ದಿನ ನಾನು ಕೇಳಿದ್ದು ಇದನ್ನೇ. ಈಗ ಅದು ಸಿಕ್ಕಿದಾಗ ಸಹಿಸಲಾಗಲಿಲ್ಲ.

ಮೊಸರವಲಕ್ಕಿ ತಿಂದೆ, ಓದಲು ಕೂತೆ, ಎದ್ದೆ. ಮಧ್ಯಾಹ್ನ ಕಳೆದರೂ ಗೋಡೆಯಾಚೆ ಪಾತ್ರೆಯ ಸದ್ದಿಲ್ಲ. ಆಗ ನಾನು ಜೀವನದಲ್ಲೇ ಮೊದಲ ಬಾರಿಗೆ ಆ ಗೋಡೆಗೆ ಮುಖ ಮಾಡಿ ಕೇಳಿದೆ.

"ಅಮ್ಮಾ, ಊಟ ಆಯ್ತಾ?"

ಉತ್ತರ ಬಂತು. "ಆಯ್ತು."

ಆ ಆಯ್ತು ನನಗೆ ಚೆನ್ನಾಗಿ ಗೊತ್ತು. ಅದನ್ನು ನಾನೇ ವರ್ಷಗಟ್ಟಲೆ ಹೇಳಿದ್ದೇನೆ. ಅದೇ ಉದ್ದ, ಅದೇ ದನಿ.

ಒಲೆ ಆರಿದ ಮನೆಗೆ ಅಕ್ಕಪಕ್ಕದವರು ಅನ್ನ ತರುತ್ತಾರೆ. ಅದಕ್ಕೆ ಕರೆಯಬೇಕಿಲ್ಲ, ಹೇಳಬೇಕಿಲ್ಲ, ತಾವಾಗಿಯೇ ತರುತ್ತಾರೆ. ಆದರೆ ಸಾವಾದದ್ದು ದೂರದ ಊರಿನಲ್ಲಿ, ಈಕೆ ಬೀದಿಯಲ್ಲಿ ಯಾರಿಗೂ ಹೇಳಿರಲಿಲ್ಲ, ಹೇಳಿದ್ದರೂ ಆ ದಿನಗಳಲ್ಲಿ ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿಯುತ್ತಿರಲಿಲ್ಲ. ಅಕ್ಕಪಕ್ಕ ಎಂದು ಉಳಿದವಳು ನಾನೊಬ್ಬಳೇ. ಬೇರೆ ಬಾಗಿಲು ಕೇಳಿ ಪಡೆದುಕೊಂಡವಳು.

ಇಲ್ಲಿ ಒಂದು ವಿಷಯ ಹೇಳಬೇಕು. ನನ್ನ ಗಂಡನನ್ನು ಸುಟ್ಟು ಬಂದ ದಿನ ನಮ್ಮ ಫ್ಲ್ಯಾಟಿನಲ್ಲಿ ಸಂಜೆಯ ಹೊತ್ತಿಗೆ ಯಾರೂ ಉಳಿದಿರಲಿಲ್ಲ. ಟ್ರಾಫಿಕ್ ಹೆಚ್ಚಾಗುವ ಮೊದಲು ಹೊರಡಬೇಕೆಂದು ನೆಂಟರೆಲ್ಲ ಎದ್ದಿದ್ದರು. ಹೋಟೆಲಿನಿಂದ ಏನಾದರೂ ತರಿಸಿಕೊಳ್ಳಿ ಎಂದು ಮೈದುನ ಹೇಳಿ ಹೋದ. ಪಕ್ಕದ ಬಾಗಿಲಿನವರು ಲಿಫ್ಟಿನ ಹತ್ತಿರ ಕೈ ಮುಗಿದು ಒಳಗೆ ಹೋದರು. ಅಡುಗೆಮನೆಯಲ್ಲಿ ಬೆಳಗ್ಗೆ ತಂದಿಟ್ಟ ಹಾಲಿನ ಪ್ಯಾಕೆಟ್ಟು ಹಾಗೇ ಇತ್ತು, ಇನ್ನು ಬಿಟ್ಟರೆ ಒಡೆದುಹೋಗುತ್ತದೆ. ನಾನೇ ಗ್ಯಾಸ್ ಹಚ್ಚಿ ಹಾಲು ಕಾಯಿಸಿದೆ. ಉಕ್ಕಿ ಬರುವ ತನಕ ನಿಂತು ನೋಡಿ ಆರಿಸಿದೆ. ನಮ್ಮ ಮನೆಯ ಒಲೆ ಆವತ್ತೂ ಉರಿಯಿತು, ಏಕೆಂದರೆ ಅದನ್ನು ಆರಿಸಿ ಕೂತರೆ ನನಗೆ ಅನ್ನ ತರುವವರು ಯಾರೂ ಇರಲಿಲ್ಲ. ಇದನ್ನು ಈತನಕ ಯಾರಿಗೂ ಹೇಳಿಲ್ಲ. ಹೇಳಿದರೆ ಹಾಲು ಕಾಯಿಸಿದ್ದರಲ್ಲಿ ಏನಿದೆ ಎನ್ನುತ್ತಾರೆ.

ಅಕ್ಕಿ ತೊಳೆದೆ. ಬೇಳೆ ಇಟ್ಟೆ. ಎಷ್ಟೋ ತಿಂಗಳ ಮೇಲೆ ಪೂರ್ತಿ ಅಡುಗೆ ಮಾಡಿದೆ. ಟೊಮೆಟೊ, ಹುಣಸೆಹಣ್ಣು, ಸಾರಿನ ಪುಡಿ ಹಾಕಿ ಕುದಿಸಿ, ಕೊನೆಗೆ ತುಪ್ಪ ಕಾಯಿಸಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟೆ. ಚುಂಯ್ ಎಂದು ಸದ್ದು ಬಂತು, ಘಮಘಮ ಎಂದಿತು. ನನಗೇ ಹೆಮ್ಮೆಯಾಯಿತು. ಪಾತ್ರೆಗಳನ್ನು ತಟ್ಟೆಯಿಂದ ಮುಚ್ಚಿಕೊಂಡು ಮನೆಯನ್ನು ಸುತ್ತಿ ಹಿಂದಿನ ಬಾಗಿಲಿಗೆ ಹೋದೆ.

ಆಕೆ ಗೋಡೆಗೆ ಒರಗಿ ಕೂತಿದ್ದರು. ಪಾತ್ರೆಯ ಮುಚ್ಚಳ ತೆಗೆದಾಗ ಒಂದು ಕ್ಷಣ ನನ್ನ ಮುಖ ನೋಡಿದರು. ಬಡಿಸಿದೆ. ಕಲಸಿ ಒಂದು ತುತ್ತು ಬಾಯಿಗಿಟ್ಟ ಮೇಲೆ ಆಕೆಯ ಕಣ್ಣಲ್ಲಿ ನೀರು ಬಂತು. ಹಿಂದಿನ ದಿನದಿಂದ ಬಂದಿರಲಿಲ್ಲ, ಈಗ ಬಂದದ್ದು ನಿಲ್ಲಲಿಲ್ಲ. ಅಳುತ್ತಲೇ ಉಂಡರು, ಇನ್ನೊಂದು ಸೌಟು ಸಾರು ಕೇಳಿದರು. ಬಾಗಿಲಿನ ಈಚೆ ಕೂತು ನಾನೂ ಉಂಡೆ.

ತಟ್ಟೆ ತೊಳೆಯುವಾಗ ನನಗೆ ಹೊಳೆಯಿತು. ಸೂತಕದ ಅನ್ನಕ್ಕೆ ಒಗ್ಗರಣೆ ಹಾಕುವುದಿಲ್ಲ. ಸಪ್ಪೆ ಸಾರೇ ಒಯ್ಯಬೇಕು. ನನ್ನ ಅಮ್ಮ ಎಷ್ಟು ಮನೆಗಳಿಗೆ ಹಾಗೆ ಒಯ್ದಿದ್ದರು, ನಾನು ಎಷ್ಟು ಬಾರಿ ನೋಡಿದ್ದೆ. ನಾನು ಹಬ್ಬದಡುಗೆಯ ಹಾಗೆ ತುಪ್ಪದ ಒಗ್ಗರಣೆ ಕೊಟ್ಟು, ಊರಿಗೆಲ್ಲ ಘಮ ಹಬ್ಬಿಸಿಕೊಂಡು ಸಾವಿನ ಮನೆಗೆ ಹೋಗಿದ್ದೆ. ನಾಚಿಕೆಯಿಂದ ಮೈ ಹಿಡಿಯಾಯಿತು. ತಿರುಗಿ ಹೋಗಿ ತಪ್ಪಾಯಿತು ಎಂದೆ.

"ಮುಚ್ಚಳ ತೆಗೆದಾಗ್ಲೇ ನಂಗೆ ವಾಸ್ನೆ ಬಂತು" ಎಂದರು ಆಕೆ. "ಬ್ಯಾಡ ಅನ್ನಾಣ ಅಂತಿದ್ದೆ. ನಮ್ ಚಿಕ್ಕೋಳಿಗೆ ಒಗ್ರಣೆ ಇಲ್ದೆ ಸಾರು ಗಂಟ್ಲಲ್ಲಿ ಇಳೀತಿರ್ಲಿಲ್ಲ ಟೀಚರಮ್ಮ. ಅವ್ವ ಹೋದಾಗ ಮೂರು ದಿನ ಸಪ್ಪೆ ತಿನ್ಬೇಕಲ್ಲ ಅಂತ ಅದಕ್ಕೂ ಅತ್ತವ್ಳೆ. ಇರ್ಲಿ. ನಾಳೆನೂ ಹಾಕಿ."

ಮಾರನೆಯ ದಿನವೂ ಹಾಕಿದೆ.

ಮೂರನೆಯ ದಿನ ಬೆಳಗ್ಗೆ ಆಕೆ ಒಲೆಯನ್ನು ಸಾರಿಸಿ, ರಂಗೋಲಿ ಎಳೆದು, ಸೌದೆ ಜೋಡಿಸಿದ ಮೇಲೆ ಮನೆಯನ್ನು ಸುತ್ತಿಕೊಂಡು ನನ್ನ ಬಾಗಿಲಿಗೆ ಬಂದರು. ನಾನು ಆ ಮನೆಗೆ ಬಂದ ಮೇಲೆ ಆಕೆ ನನ್ನ ಬಾಗಿಲಿಗೆ ಬಂದದ್ದು ಅದೇ ಮೊದಲು. ಕೈಯಲ್ಲಿ ಕಬ್ಬಿಣದ ಸೌಟು ಹಿಡಿದಿದ್ದರು.

"ಬೆಂಕಿ ಕೊಡಿ" ಎಂದರು.

ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. "ನನ್ನತ್ರ ಕೆಂಡ ಎಲ್ಲಿದೆ ಅಮ್ಮಾ? ನಂದು ಗ್ಯಾಸು. ಲೈಟರ್ ಒತ್ತಿದ್ರೆ ಬರೋ ಬೆಂಕಿ."

"ಉರೀತೈತಲ್ಲ?"

"ಉರಿಯುತ್ತೆ."

"ಪಕ್ಕದ್ಮನೆ ಒಲೇಲಿ ಉರಿಯೋದು ಬೇಕು. ಪಕ್ಕದ್ಮನೇರು ಅಂದ್ರೆ ನೀವೇ ಅಲ್ವಾ?"

ನಿಮ್ಮ ಅವ್ವನ ಬೆಂಕಿ ಎಷ್ಟು ಹಳೆಯದು, ನನ್ನದರಲ್ಲಿ ಏನಿದೆ ಎಂದು ಹೇಳಬೇಕೆಂದುಕೊಂಡೆ. ನನ್ನ ಈ ಒಲೆ ಬೆಂಗಳೂರಿನಿಂದ ತಂದ ಅದೇ ಒಲೆ. ಆವತ್ತು ಸಂಜೆ ನಾನೊಬ್ಬಳೇ ನಿಂತು ಹಾಲು ಕಾಯಿಸಿದ್ದು ಇದರ ಮೇಲೆಯೇ. ಗ್ಯಾಸ್ ಹಚ್ಚಿದೆ. ಆಕೆ ಸೆರಗಿನಿಂದ ಒಂದು ತೆಂಗಿನ ಚಿಪ್ಪು ತೆಗೆದುಕೊಟ್ಟರು. ಇಕ್ಕಳದಲ್ಲಿ ಹಿಡಿದು ಉರಿಗೆ ಒಡ್ಡಿದೆ. ಚಿಪ್ಪು ನಿಧಾನಕ್ಕೆ ಹೊತ್ತಿಕೊಂಡು ಕೆಂಪಗಾಯಿತು. ಸೌಟಿನಲ್ಲಿ ಹಾಕಿ ಕೊಡಹೋದೆ.

"ಕೊಡೋರೇ ತರ್ಬೇಕು" ಎಂದು ಆಕೆ ಮುಂದೆ ನಡೆದರು.

ಗಾಳಿಗೆ ಆರದಂತೆ ಇನ್ನೊಂದು ಕೈ ಅಡ್ಡ ಹಿಡಿದು, ಖಾಲಿ ಬೀದಿಯಲ್ಲಿ ಮನೆಯನ್ನು ಸುತ್ತಿ, ಆಕೆಯ ಒಲೆಗೆ ನಾನೇ ಆ ಕೆಂಡ ಹಾಕಿದೆ. ಆಕೆ ಊದಿದರು. ಹೊಗೆ ಎದ್ದಿತು, ಗೋಡೆಯ ಮೇಲಿಂದ ನನ್ನ ಮನೆಯೊಳಗೆ ಇಳಿಯಿತು. ಇಬ್ಬರೂ ಕೆಮ್ಮಿದೆವು.

ಸಂಜೆ ಆಟೋ ಕೂಗಿಕೊಂಡು ಹೋಯಿತು. ಗೋಡೆಯಾಚೆ ಸೌದೆ ಎಳೆದ ಸದ್ದು, ಬೂದಿ ಎಳೆದ ಸದ್ದು, ಮಡಕೆಯ ತಳ ಕವುಚಿದ ಸದ್ದು ಒಂದೊಂದಾಗಿ ಕೇಳಿಸಿದವು. ತಂಗಿಯ ಫೋನು ಬರುತ್ತಿದ್ದ ಹೊತ್ತು ಹಾಗೇ ಕಳೆಯಿತು. ನಾನು ರೇಡಿಯೋ ಹಾಕಲಿಲ್ಲ. ಲೈಟರಿನ ಬೆಂಕಿ ಬೂದಿಯೊಳಗೆ ಬೆಳಗಿನ ತನಕ ನಿಲ್ಲುತ್ತದೋ ಇಲ್ಲವೋ ಎಂಬ ಚಿಂತೆ ಹಾಸಿಗೆಯವರೆಗೂ ಬಂತು. ಆರಿದರೆ ಆಕೆ ಕಡ್ಡಿ ಗೀರಿಕೊಳ್ಳುತ್ತಾರೆ, ನನಗೇನು ಎಂದುಕೊಂಡು ನೋಡಿದೆ. ಸಮಾಧಾನವಾಗಲಿಲ್ಲ.

ಬೆಳಗ್ಗೆ ಬೇಗ ಎಚ್ಚರವಾಯಿತು. ಗೋಡೆಯಾಚೆ ಮಡಕೆಯ ತಳ ಎತ್ತಿಟ್ಟದ್ದು ಕೇಳಿಸಿತು. ಬೂದಿ ಸರಿಸಿದ್ದು ಕೇಳಿಸಿತು. ಊದುಗೊಳವೆಯ ಉಸಿರು ಒಂದು ಬಾರಿ, ಇನ್ನೊಂದು ಬಾರಿ. ಆಮೇಲೆ ಸದ್ದಿಲ್ಲ. ಕಡ್ಡಿ ಗೀರುತ್ತಾರೇನೋ ಎಂದು ಹಾಸಿಗೆಯಲ್ಲಿ ಎದ್ದು ಕೂತು ಕಿವಿಗೊಟ್ಟೆ.

"ಟೀಚರಮ್ಮ, ನಿಮ್ ಬೆಂಕಿ ಬದುಕೈತೆ" ಎಂದರು ಆಕೆ ಗೋಡೆಯಾಚೆಯಿಂದ. ಆಮೇಲೆ ಎಂದಿನ ದನಿಯಲ್ಲಿ ಕೇಳಿದರು. "ಕಾಪಿ ಆಯ್ತಾ?"

"ಇಲ್ಲ" ಎಂದೆ.